ಪರದೆಯಲ್ಲಿ 25 ಗಂಟೆ, ಪಕ್ಕದ ಸೀಟಿನಲ್ಲಿ 50 ಗಂಟೆ

2020ರ ಏಪ್ರಿಲ್. ಕೊರೊನಾ ಅಮೆರಿಕವನ್ನು ಮನೆಯೊಳಗೆ ಕೂರಿಸಿದ ದಿನಗಳು. ಜಾರ್ಜಿಯಾ ರಾಜ್ಯದಲ್ಲಿ ಕಾರು ಕಲಿತು ಲೈಸೆನ್ಸಿಗೆ ಕಾಯುತ್ತಿದ್ದ ಹದಿಹರೆಯದವರ ಸಾಲು ಬೆಳೆಯುತ್ತಲೇ ಇತ್ತು. ಪರೀಕ್ಷಕರು ಅಪರಿಚಿತರ ಪಕ್ಕದಲ್ಲಿ, ಮುಚ್ಚಿದ ಕಾರಿನೊಳಗೆ ಕೂರುವುದು ಹೇಗೆ? ಗವರ್ನರ್ ಬ್ರಯಾನ್ ಕೆಂಪ್ ಒಂದು ಆದೇಶ ಹೊರಡಿಸಿದರು. ಕಲಿಕೆಯ ಪರ್ಮಿಟ್ ಅವಧಿ ಮುಗಿಸಿದ, ಅಭ್ಯಾಸ ಆಗಿದೆಯೆಂದು ತಂದೆತಾಯಿ ಒಪ್ಪಿಕೊಂಡ ಮಕ್ಕಳಿಗೆ ರಸ್ತೆ ಪರೀಕ್ಷೆಯಿಲ್ಲದೆಯೇ ಲೈಸೆನ್ಸ್ ಕೊಡಬಹುದು ಎಂದಿತು ಆ ಆದೇಶ. ನೋಡನೋಡುತ್ತಿದ್ದಂತೆ ಸುಮಾರು 20 ಸಾವಿರ ಮಕ್ಕಳು ಆ ಅವಕಾಶ ಬಳಸಿಕೊಂಡರು. ಟೀಕೆ ಜೋರಾಯಿತು. ಮೇ ತಿಂಗಳಲ್ಲಿ ಆದೇಶ ಬದಲಾಯಿತು. ಹಾಗೆ ಲೈಸೆನ್ಸ್ ಪಡೆದವರೆಲ್ಲ ಸೆಪ್ಟೆಂಬರ್ 30ರೊಳಗೆ ಬಂದು ಪರೀಕ್ಷೆ ಕೊಡಬೇಕೆಂದಾಯಿತು.

ಇದು ನಡೆದದ್ದು ಚಾಲನಾ ಶಿಕ್ಷಣವನ್ನು ಹಗುರವಾಗಿ ಕಾಣುವ ರಾಜ್ಯದಲ್ಲೇನೂ ಅಲ್ಲ. 2003ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ 17 ವರ್ಷದ ಜೋಶುವಾ ಬ್ರೌನ್‌ನ ಹೆಸರಿನಲ್ಲೇ ಜಾರ್ಜಿಯಾ ಒಂದು ಕಾಯ್ದೆ ಮಾಡಿದೆ. 2007ರಿಂದ ಜಾರಿಯಲ್ಲಿರುವ ಆ ಕಾಯ್ದೆಯ ಪ್ರಕಾರ, 16ಕ್ಕೇ ಲೈಸೆನ್ಸ್ ಬೇಕೆನ್ನುವವರು 30 ಗಂಟೆಯ ಪಾಠ ಮುಗಿಸಿರಬೇಕು. ಆ ಪಾಠವನ್ನು ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕಲಿಯಲೂ ಬಹುದು. ಪಾಠ ಪರದೆಯಲ್ಲಿ, ಪರೀಕ್ಷೆ ಇಲ್ಲ, ಲೈಸೆನ್ಸ್ ಕೈಯಲ್ಲಿ: ಆ ಕೆಲವು ವಾರ ಎಷ್ಟೋ ಮನೆಗಳಲ್ಲಿ ಎದ್ದ ಪ್ರಶ್ನೆ ಕೊರೊನಾ ಹೋದ ಮೇಲೂ ಉಳಿದಿದೆ. ಕಾರು ಓಡಿಸುವುದನ್ನು ಲ್ಯಾಪ್‌ಟಾಪಿನ ಮುಂದೆ ಎಷ್ಟರ ಮಟ್ಟಿಗೆ ಕಲಿಯಬಹುದು?

ಈ ಪ್ರಶ್ನೆ ಕನ್ನಡದ ಮನೆಗಳಿಗೂ ದೂರದ್ದಲ್ಲ. ಫ್ರೀಮಾಂಟ್, ಸನಿವೇಲ್, ಸ್ಯಾನ್ ರಮೋನ್, ಡಲ್ಲಾಸ್, ಅಟ್ಲಾಂಟಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಹೈಸ್ಕೂಲಿಗೆ ಕಾಲಿಟ್ಟ ಒಂದೆರಡು ವರ್ಷಕ್ಕೆ ಊಟದ ಮೇಜಿನ ಮೇಲೆ ಈ ಮಾತು ಬಂದೇ ಬರುತ್ತದೆ: ‘ಡ್ರೈವರ್ಸ್ ಎಡ್ ಯಾವಾಗ ಶುರು ಮಾಡಲಿ?’

ಡ್ರೈವರ್ ಎಡ್ ಎಂದರೆ ಚಾಲನಾ ಶಿಕ್ಷಣ. ಮೊದಲು ಈ ಪಾಠಕ್ಕೂ ಕಾರಿಗೂ ನಡುವೆ ಪರದೆಯಿರಲಿಲ್ಲ. ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಿನಲ್ಲಿ, 1930ರ ದಶಕದ ಆರಂಭದಲ್ಲಿ, ಪೆನ್ ಸ್ಟೇಟ್ ಕಾಲೇಜಿನ ಅಧ್ಯಾಪಕ ಏಮಸ್ ನೇಹಾರ್ಟ್ ತಮ್ಮ ಸ್ವಂತ ಗ್ರಹಾಂ-ಪೇಜ್ ಕಾರಿನಲ್ಲೇ ಅಲ್ಲಿನ ಹೈಸ್ಕೂಲಿನ ಮಕ್ಕಳಿಗೆ ಚಾಲನೆ ಕಲಿಸತೊಡಗಿದರು. ಅಮೆರಿಕದ ಹೈಸ್ಕೂಲುಗಳಲ್ಲಿ ಚಾಲನಾ ಶಿಕ್ಷಣದ ಚರಿತ್ರೆ ಅವರಿಂದಲೇ ಶುರುವಾಗುತ್ತದೆ. ಮುಂದಿನ ದಶಕಗಳಲ್ಲಿ ಅದು ದೇಶದ ತುಂಬ ಹರಡಿತು. ಗಣಿತ, ಚರಿತ್ರೆಯ ಹಾಗೆ ಡ್ರೈವರ್ ಎಡ್ ಕೂಡ ಶಾಲೆಯ ಒಂದು ಪೀರಿಯಡ್. ಶಾಲೆಯ ಹಣದಲ್ಲೇ ಕಾರು, ಶಾಲೆಯ ಮೇಷ್ಟ್ರೇ ಬೋಧಕರು, ಅವರ ಕಾಲ ಬಳಿ ಇನ್ನೊಂದು ಬ್ರೇಕ್.

ಆ ವ್ಯವಸ್ಥೆಗೆ ಪೆಟ್ಟು ಕೊಟ್ಟ ಕಾರಣಗಳಲ್ಲಿ ಒಂದು ಅಧ್ಯಯನವೂ ಸೇರಿದೆ. ಜಾರ್ಜಿಯಾದ ಡಿಕ್ಯಾಲ್ಬ್ ಕೌಂಟಿಯಲ್ಲಿ 1970ರ ದಶಕದ ಕೊನೆಗೆ 16 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆ ಕಾಲದ ಅತ್ಯುತ್ತಮ ಎನ್ನಬಹುದಾದ ದೀರ್ಘ ತರಬೇತಿ, ಇನ್ನೊಂದಕ್ಕೆ ಲೈಸೆನ್ಸಿಗೆ ಬೇಕಾದಷ್ಟೇ ಪಾಠ, ಮೂರನೆಯದಕ್ಕೆ ಶಾಲೆಯಿಂದ ಏನೂ ಇಲ್ಲ. ತರಬೇತಿ ಪಡೆದವರಿಗೆ ಮೊದಲ ಕೆಲವು ತಿಂಗಳು ಒಂದಿಷ್ಟು ಲಾಭ ಕಂಡಿತು. ಆಮೇಲೆ ಅದು ಕರಗಿಹೋಯಿತು. ಇಷ್ಟು ಖರ್ಚು ಮಾಡಿ ಫಲವೇನು ಎಂದು ಸರ್ಕಾರಗಳು ಕೈಹಿಡಿತ ಮಾಡಲು ಅಷ್ಟು ಸಾಕಾಯಿತು. ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳಲ್ಲಿ ಸಾರ್ವಜನಿಕ ಶಾಲೆಗಳ ಡ್ರೈವರ್ ಎಡ್ ಕ್ರಮೇಣ ಸೊರಗಿತು. ಖಾಲಿಯಾದ ಜಾಗಕ್ಕೆ ಖಾಸಗಿ ಚಾಲನಾ ಶಾಲೆಗಳು ಬಂದವು. ಇಂಟರ್‌ನೆಟ್ ಬಂದ ಮೇಲೆ ಪಾಠದ ಭಾಗ ಕಂಪ್ಯೂಟರಿಗೆ ಹೋಯಿತು, ಆಮೇಲೆ ಮೊಬೈಲಿಗೂ.

ಕ್ಯಾಲಿಫೋರ್ನಿಯಾದ ದಾರಿಯನ್ನೇ ಹಿಡಿದು ನೋಡೋಣ. ಅಲ್ಲಿ ಹದಿನೈದೂವರೆ ತುಂಬಿದ ಮಗು ಕಲಿಕೆಯ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಅದಕ್ಕೆ ಮೊದಲು 25 ಗಂಟೆಯ ತರಗತಿಗೆ ಸಮನಾದ ಡ್ರೈವರ್ ಎಡ್ ಮುಗಿಸಿದ ಪ್ರಮಾಣಪತ್ರ ಬೇಕು. ಆನ್‌ಲೈನ್ ಕೋರ್ಸ್ ಬರುವುದು ಇಲ್ಲಿ, ಇಷ್ಟು ಭಾಗಕ್ಕೆ ಮಾತ್ರ. ಆಮೇಲೆ ಡಿಎಂವಿ ಕಚೇರಿಯ ಪ್ರಶ್ನೆಪತ್ರಿಕೆ. ನಮ್ಮ ಆರ್‌ಟಿಒಗೆ ಅಲ್ಲಿನ ಸಮಾನ ಕಚೇರಿ ಅದು. 18 ತುಂಬದವರಿಗೆ 46 ಪ್ರಶ್ನೆ, 38 ಸರಿಯಾಗಬೇಕು. ಪಾಸಾದರೂ ಪರ್ಮಿಟ್ ತಕ್ಷಣ ಜೀವ ಪಡೆಯುವುದಿಲ್ಲ. ಪರವಾನಗಿಯಿರುವ ಬೋಧಕರ ಜೊತೆ ಮೊದಲ ಪಾಠಕ್ಕೆ ಕಾರು ಹತ್ತಿ, ಅವರು ಅದಕ್ಕೆ ಸಹಿ ಮಾಡಿದ ಮೇಲಷ್ಟೇ ಅಪ್ಪ ಅಮ್ಮನ ಜೊತೆ ಅಭ್ಯಾಸಕ್ಕೆ ರಸ್ತೆಗಿಳಿಯಬಹುದು. ಬೋಧಕರ ಜೊತೆ ಒಟ್ಟು 6 ಗಂಟೆ. 25 ವರ್ಷ ದಾಟಿದ, ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವ ಹಿರಿಯರ ಜೊತೆ 50 ಗಂಟೆ, ಅದರಲ್ಲಿ 10 ಗಂಟೆ ರಾತ್ರಿಯಲ್ಲಿ. ಪರ್ಮಿಟ್ ಹಿಡಿದು ಕನಿಷ್ಠ 6 ತಿಂಗಳಾಗಿರಬೇಕು, ವಯಸ್ಸು 16 ತುಂಬಿರಬೇಕು. ಆಮೇಲೆ ರಸ್ತೆ ಪರೀಕ್ಷೆ.

ಲೈಸೆನ್ಸ್ ಬಂದ ಮೇಲೂ ಕೈ ಪೂರ್ತಿ ಬಿಡುವುದಿಲ್ಲ. ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ. 25 ದಾಟಿದ ಲೈಸೆನ್ಸುದಾರರು ಜೊತೆಗಿಲ್ಲದೆ 20ಕ್ಕಿಂತ ಕಿರಿಯ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಮನೆಯ ತುರ್ತು, ಶಾಲೆ, ಕೆಲಸಗಳಿಗೆ ಕೆಲವು ವಿನಾಯಿತಿಗಳಿವೆ, ಅದಕ್ಕೂ ಸಹಿಯ ಪತ್ರ ಬೇಕು. 18 ತುಂಬುವವರೆಗೆ ಕಾರಿನಲ್ಲಿ ಫೋನ್ ಮುಟ್ಟುವಂತಿಲ್ಲ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಾತಾಡುವುದಕ್ಕೂ ಅನುಮತಿಯಿಲ್ಲ. ಹೀಗೆ ಹಂತ ಹಂತವಾಗಿ ಸ್ವಾತಂತ್ರ್ಯ ಕೊಡುವ ಪದ್ಧತಿಯನ್ನು ನ್ಯೂಜಿಲೆಂಡ್ 1987ರಲ್ಲೇ ತಂದಿತ್ತು. ಅಮೆರಿಕದಲ್ಲಿ ಮೊದಲು ತಂದದ್ದು ಫ್ಲಾರಿಡಾ, 1996ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಜಾರಿಯಾದದ್ದು 1998ರ ಜುಲೈ 1ರಂದು.

ಇಷ್ಟು ಲೆಕ್ಕ ಹಾಕಿದರೆ ಆನ್‌ಲೈನ್ ಕೋರ್ಸಿನ ನಿಜವಾದ ಜಾಗ ಕಾಣುತ್ತದೆ. ಅದು ಈ ದಾರಿಯ ಮೊದಲ ಮೆಟ್ಟಿಲು. ಆದರೆ ಮನೆಗಳಲ್ಲಿ ಹೆಚ್ಚು ಚರ್ಚೆಯಾಗುವುದೂ, ಬೇಗ ಮುಗಿಸಿಬಿಡಬೇಕೆಂದು ಮಕ್ಕಳು ಹಟ ಹಿಡಿಯುವುದೂ ಅದೇ. ಬೇಸಿಗೆ ರಜೆಯ ಒಂದು ವಾರಾಂತ್ಯದಲ್ಲಿ ಎಲ್ಲ ಅಧ್ಯಾಯಗಳನ್ನೂ ಬೆರಳ ತುದಿಯಲ್ಲಿ ತಳ್ಳಿ ಸರ್ಟಿಫಿಕೇಟ್ ತೆಗೆದ ಮಕ್ಕಳ ಕತೆ ಯಾವ ಕನ್ನಡ ಕೂಟದ ಸಮಾರಂಭದಲ್ಲೂ ಕೇಳಸಿಗುತ್ತದೆ. ‘ಟೈಮರ್ ಇಲ್ಲ’ ಎಂಬುದನ್ನೇ ಜಾಹೀರಾತಿನಲ್ಲಿ ಹೊಗಳಿಕೊಳ್ಳುವ ಕೋರ್ಸುಗಳೂ ಇವೆ. ಎಸ್‌ಎಟಿ ಕೋಚಿಂಗ್, ಈಜು, ಪಿಯಾನೊಗಳ ಪಟ್ಟಿಯಲ್ಲಿ ಇದನ್ನೂ ಒಂದು ‘ಮುಗಿಸಬೇಕಾದ್ದು’ ಎಂದು ಬರೆದುಕೊಂಡರೆ ಮಗುವಿಗೆ ನಷ್ಟ. ಏಕೆಂದರೆ ಒಳ್ಳೆಯ ಕೋರ್ಸಿನಲ್ಲಿ ಕಲಿಯುವಂಥದ್ದು ಬಹಳವಿದೆ.

ಕೋರ್ಸಿನೊಳಗೆ ಏನಿರುತ್ತದೆ? ಅಧ್ಯಾಯಗಳು, ಚಿತ್ರಗಳು, ಚಲಿಸುವ ನಕ್ಷೆಗಳು, ಸಣ್ಣ ವಿಡಿಯೊಗಳು, ಪ್ರತಿ ಅಧ್ಯಾಯದ ಕೊನೆಗೆ ಕಿರುಪರೀಕ್ಷೆ. ರಸ್ತೆಯ ಫಲಕಗಳು, ಗೆರೆಗಳ ಬಣ್ಣಗಳು, ವೇಗದ ಮಿತಿ, ಹೆದ್ದಾರಿಗೆ ಸೇರುವ ಬಗೆ, ಮದ್ಯ ಮತ್ತು ಮಾದಕ ವಸ್ತುಗಳ ಪರಿಣಾಮ, ನಿದ್ದೆಗಣ್ಣಿನ ಅಪಾಯ, ವಿಮೆ, ಅಪಘಾತವಾದರೆ ಮಾಡಬೇಕಾದ್ದು. 21 ತುಂಬದವರ ರಕ್ತದಲ್ಲಿ ಮದ್ಯದ ಅಂಶ ಶೇಕಡಾ 0.01 ಕಂಡರೂ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸಿಗೆ ಕುತ್ತು. ಮಳೆಗೆ ವೈಪರ್ ಹಾಕಿದರೆ ಹೆಡ್‌ಲೈಟ್ ಕೂಡ ಹಾಕಲೇಬೇಕು. ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಹಿಂದಿನವರೂ ಎದುರಿನವರೂ ನಿಲ್ಲಬೇಕು. ಸೈಕಲ್ ಸವಾರರನ್ನು ದಾಟುವಾಗ ಕನಿಷ್ಠ 3 ಅಡಿ ಅಂತರವಿರಬೇಕು, 2023ರಿಂದ ಪಕ್ಕದ ಲೇನ್ ಖಾಲಿಯಿದ್ದರೆ ಅದಕ್ಕೇ ಸರಿದು ದಾಟಬೇಕು. ಇವು ಬಾಯಿಪಾಠ ಮಾಡುವ ಸಂಗತಿಗಳಂತೆ ಕಂಡರೂ ಪ್ರತಿಯೊಂದರ ಹಿಂದೆ ಯಾರದೋ ಪ್ರಾಣವಿದೆ.

ಆನ್‌ಲೈನ್ ಪಾಠದ ವಿರೋಧಿಗಳು ಡಿಕ್ಯಾಲ್ಬ್ ಅಧ್ಯಯನವನ್ನು ಮುಂದಿಟ್ಟು, ಪಾಠ ಮಾಡಿದರೂ ಇಷ್ಟೇ, ಬಿಟ್ಟರೂ ಇಷ್ಟೇ ಎನ್ನುವುದುಂಟು. ಅದು ಅರ್ಧ ಸತ್ಯ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದೂವರೆ ಲಕ್ಷಕ್ಕೂ ಹೆಚ್ಚು ಯುವ ಚಾಲಕರ 8 ವರ್ಷಗಳ ದಾಖಲೆ ಕೆದಕಿತು. ಲೈಸೆನ್ಸ್ ಪಡೆದ ಮೊದಲ ವರ್ಷದಲ್ಲಿ ಡ್ರೈವರ್ ಎಡ್ ಮಾಡಿದವರಲ್ಲಿ ಶೇಕಡಾ 11.1 ಮಂದಿ ಅಪಘಾತಕ್ಕೆ ಸಿಕ್ಕಿದ್ದರು. ಆ ಪಾಠವಿಲ್ಲದೆ, ಹಿರಿಯರ ಜೊತೆ ಓಡಿಸಿದ ಲೆಕ್ಕ ಮಾತ್ರ ಕೊಟ್ಟು ಬಂದವರಲ್ಲಿ ಶೇಕಡಾ 12.9. ಟ್ರಾಫಿಕ್ ಟಿಕೆಟ್ಟಿನ ಅಂತರ ಇನ್ನೂ ದೊಡ್ಡದು: 10.4 ಮತ್ತು 18.3. ಯಾರು ಯಾವ ದಾರಿ ಹಿಡಿಯಬೇಕೆಂದು ಇಲ್ಲಿ ಯಾರೂ ಚೀಟಿ ಎತ್ತಿರಲಿಲ್ಲ. ಪಾಠಕ್ಕೆ ಹಣ ಕಟ್ಟುವ ಮನೆಗಳಿಗೂ ಕಟ್ಟದ ಮನೆಗಳಿಗೂ ಬೇರೆ ವ್ಯತ್ಯಾಸಗಳಿರುತ್ತವೆ. ಆದರೂ ‘ಪಾಠ ದಂಡ’ ಎಂದು ತಳ್ಳಿಹಾಕಲು ಈ ಅಂಕಿಗಳು ಬಿಡುವುದಿಲ್ಲ.

ಪರದೆಯ ಪಾಠದ ಬಗ್ಗೆ ಅತಿ ಮುಖ್ಯ ಸುಳಿವು ಬಂದದ್ದು ಬೇರೆಡೆಯಿಂದ. ಹೊಸಬರ ಕಣ್ಣು ಎಲ್ಲಿ ನೋಡುತ್ತದೆ ಎಂಬುದನ್ನು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1972ರಷ್ಟು ಹಿಂದೆಯೇ ಉಪಕರಣ ಕಟ್ಟಿ ಅಳೆದಿದ್ದರು. ಅನುಭವಿಗಳ ನೋಟ ದೂರಕ್ಕೆ, ಎಡಕ್ಕೆ, ಬಲಕ್ಕೆ, ಕನ್ನಡಿಗೆ ಓಡಾಡುತ್ತದೆ. ಹೊಸಬರ ನೋಟ ಬಾನೆಟ್ಟಿನ ಮುಂದಿನ ತುಂಡು ರಸ್ತೆಗೆ ಅಂಟಿಕೊಂಡಿರುತ್ತದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಶಾಖೆಯಲ್ಲಿ ಡೊನಾಲ್ಡ್ ಫಿಶರ್ ಮತ್ತು ಜೊತೆಗಾರರು ಈ ಕೊರತೆಗೇ ಮದ್ದು ಹುಡುಕಿದರು. ಅವರು ಮಾಡಿದ ಕಂಪ್ಯೂಟರ್ ಪಾಠದ ಹೆಸರು ರ್‍ಯಾಪ್ಟ್. ಅದರಲ್ಲಿ ನಿಯಮಗಳ ಪಟ್ಟಿಯಿಲ್ಲ. ಒಂದರ ಹಿಂದೊಂದು ರಸ್ತೆಯ ಚಿತ್ರಗಳು ಬರುತ್ತವೆ, ಎಲ್ಲಿ ಅಪಾಯ ಅಡಗಿರಬಹುದೋ ಅಲ್ಲಿ ಕ್ಲಿಕ್ ಮಾಡಬೇಕು. ತಪ್ಪಿದರೆ ಮೇಲಿನಿಂದ ಕಾಣುವ ನಕ್ಷೆ ತೋರಿಸಿ, ಅಲ್ಲಿ ಏಕೆ ನೋಡಬೇಕಿತ್ತೆಂದು ವಿವರಿಸಿ, ಮತ್ತೆ ಮಾಡಿಸುತ್ತದೆ.

ಅದರ ಒಂದು ಪ್ರಸಿದ್ಧ ಸನ್ನಿವೇಶ ಹೀಗಿದೆ. ರಸ್ತೆಯ ಪಕ್ಕದಲ್ಲಿ ದೊಡ್ಡ ಟ್ರಕ್ ನಿಂತಿದೆ. ಅದರ ಮುಂದೆಯೇ ಪಾದಚಾರಿಗಳು ದಾಟುವ ಪಟ್ಟೆ. ರಸ್ತೆಯಲ್ಲಿ ಯಾರೂ ಇಲ್ಲ. ಹೊಸಬರಿಗೆ ಇದು ಖಾಲಿ ರಸ್ತೆ. ಅನುಭವಿಗೆ ಹಾಗಲ್ಲ, ಟ್ರಕ್ಕಿನ ಮರೆಯಿಂದ ಮಗುವೊಂದು ಓಡಿ ಬರಬಹುದೆಂಬ ಎಣಿಕೆಯಲ್ಲಿ ಕಣ್ಣು ಟ್ರಕ್ಕಿನ ಮುಂಗೋಣಕ್ಕೆ ಹೋಗುತ್ತದೆ, ಕಾಲು ಬ್ರೇಕಿನ ಹತ್ತಿರ ಸರಿಯುತ್ತದೆ. ಇದೇ ಅಪಾಯಕ್ಕಾಗಿ ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಿತು: 2025ರಿಂದ, ದಾಟುಪಟ್ಟೆಗೆ ಮುಂಚಿನ 20 ಅಡಿಯಲ್ಲಿ ವಾಹನ ನಿಲ್ಲಿಸಿದರೆ ದಂಡ ಬೀಳುತ್ತದೆ.

ಈ ಪಾಠದಿಂದ ನಿಜಕ್ಕೂ ಅಪಘಾತ ಕಡಿಮೆಯಾಗುತ್ತದೆಯೇ? ಕ್ಯಾಲಿಫೋರ್ನಿಯಾದ ಡಿಎಂವಿ ಕಚೇರಿಗಳಲ್ಲಿ ರಸ್ತೆ ಪರೀಕ್ಷೆ ಪಾಸು ಮಾಡಿ ಹೊರಬಂದ 5 ಸಾವಿರಕ್ಕೂ ಹೆಚ್ಚು ಹದಿಹರೆಯದವರ ಮೇಲೆ ಪ್ರಯೋಗ ನಡೆಯಿತು. ಅರ್ಧದಷ್ಟು ಮಕ್ಕಳು ಅಲ್ಲೇ ಕಂಪ್ಯೂಟರ್ ಮುಂದೆ ಕೂತು ರ್‍ಯಾಪ್ಟ್ ಪಾಠ ಮಾಡಿದರು. ಅದಕ್ಕೆ ಹಿಡಿದದ್ದು ಅರ್ಧ ಗಂಟೆಗೂ ಕಡಿಮೆ. ಮುಂದಿನ ಒಂದು ವರ್ಷದ ದಾಖಲೆ ನೋಡಿದಾಗ, ಪಾಠ ಮಾಡಿದ ಹುಡುಗರ ಅಪಘಾತದ ಪ್ರಮಾಣ ಉಳಿದ ಹುಡುಗರಿಗಿಂತ ಸುಮಾರು ಶೇಕಡಾ 23ರಷ್ಟು ಕಡಿಮೆಯಿತ್ತು. ಹುಡುಗಿಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2016ರಲ್ಲಿ ಇದನ್ನು ಪ್ರಕಟಿಸಿತು. ಅರ್ಧ ಗಂಟೆಯೊಳಗಿನ ಪರದೆ ಪಾಠದಿಂದ ಇಷ್ಟು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆನ್‌ಲೈನ್ ಕೋರ್ಸನ್ನು ಮೂದಲಿಸುವವರೂ, ಕ್ಲಿಕ್ಕಿಸಿ ಮುಗಿಸುವವರೂ ಗಮನಿಸಬೇಕಾದದ್ದು ಇದನ್ನೇ. ಪರದೆಗೆ ಕೈಕಾಲನ್ನು ಪಳಗಿಸಲು ಬರುವುದಿಲ್ಲ. ಕಣ್ಣನ್ನು ಪಳಗಿಸಲು ಬರುತ್ತದೆ.

ಬ್ರಿಟನ್ ಈ ತಿಳಿವಳಿಕೆಯನ್ನು ಪರೀಕ್ಷೆಗೇ ಸೇರಿಸಿ ಎರಡು ದಶಕ ದಾಟಿದೆ. 2002ರಿಂದ ಅಲ್ಲಿ ಬರವಣಿಗೆ ಪರೀಕ್ಷೆಯ ಜೊತೆ ಅಪಾಯ ಗುರುತಿಸುವ ಪರೀಕ್ಷೆಯೂ ಇದೆ. 14 ವಿಡಿಯೊ ತುಣುಕುಗಳು, ಅಪಾಯ ರೂಪುಗೊಳ್ಳುತ್ತಿದ್ದಂತೆ ಎಷ್ಟು ಬೇಗ ಕ್ಲಿಕ್ ಮಾಡಿದರೆ ಅಷ್ಟು ಹೆಚ್ಚು ಅಂಕ, 75ಕ್ಕೆ 44 ಬಂದರೆ ಕಾರಿನವರು ಪಾಸು. ಅಮೆರಿಕದ ಲೈಸೆನ್ಸ್ ಪರೀಕ್ಷೆ ಇನ್ನೂ ಬಹುಮಟ್ಟಿಗೆ ಅಂಕಿ ಮತ್ತು ಫಲಕಗಳ ಮೇಲೆ ನಿಂತಿದೆ. ಹಾಗಾಗಿ ಕೋರ್ಸ್ ಆರಿಸುವ ತಂದೆತಾಯಿ ಕೇಳಬೇಕಾದ ಮೊದಲ ಪ್ರಶ್ನೆ, ಇದರಲ್ಲಿ ನಿಜವಾದ ರಸ್ತೆಯ ವಿಡಿಯೊಗಳಿವೆಯೇ, ಮಗು ಅಪಾಯವನ್ನು ತಾನೇ ಹುಡುಕುವಂತೆ ಮಾಡುತ್ತದೆಯೇ ಎಂಬುದು. ಬೆಲೆಯ ಪ್ರಶ್ನೆ ಆಮೇಲೆ. ಆನ್‌ಲೈನ್ ಪಾಠ ಕೆಲವು ಹತ್ತು ಡಾಲರುಗಳಲ್ಲಿ ಮುಗಿಯುತ್ತದೆ. ಬೋಧಕರ ಜೊತೆಯ 6 ಗಂಟೆಗೆ ನೂರಾರು ಡಾಲರ್. ಎರಡನೆಯದರಲ್ಲಿ ಉಳಿತಾಯ ಹುಡುಕುವುದಕ್ಕಿಂತ ಅಲ್ಲಿ ಒಂದೆರಡು ಪಾಠ ಹೆಚ್ಚಿಗೆ ಕೊಂಡರೂ ನಷ್ಟವಿಲ್ಲ.

ನಕಲಿ ಕೋರ್ಸುಗಳ ಬಗ್ಗೆ ಒಂದು ಎಚ್ಚರ. ಪ್ರಮಾಣಪತ್ರ ಕೊಡುವ ಅಧಿಕಾರ ಪರವಾನಗಿ ಪಡೆದ ಶಾಲೆಗಳಿಗೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಡಿಎಂವಿ ಜಾಲತಾಣದಲ್ಲಿ, ಟೆಕ್ಸಾಸ್‌ನಲ್ಲಿ ಪರವಾನಗಿ ಕೊಡುವ ಟಿಡಿಎಲ್‌ಆರ್ ಇಲಾಖೆಯ ಪಟ್ಟಿಯಲ್ಲಿ ಶಾಲೆಯ ಹೆಸರು ಹುಡುಕಿ ನೋಡಿಯೇ ಹಣ ಕಟ್ಟಬೇಕು. ಹೆಸರು ಹೋಲುವ ಇನ್ನೊಂದು ಕೋರ್ಸ್ ಇದೆ: ಟ್ರಾಫಿಕ್ ಸ್ಕೂಲ್. ಸ್ಟಾಪ್ ಫಲಕದ ಬಳಿ ಪೂರ್ತಿ ನಿಲ್ಲದೆ ಜಾರಿ ಹೋಗಿ ಟಿಕೆಟ್ ತೆಗೆದುಕೊಂಡ ದೊಡ್ಡವರು, ಅದರಿಂದ ದಾಖಲೆಗೆ ಬೀಳುವ ಪಾಯಿಂಟ್ ವಿಮಾ ಕಂಪನಿಗೆ ಕಾಣದಂತೆ ಮಾಡಲು ಹೋಗುವ ಕೋರ್ಸ್ ಅದು. ಹೊಸ ಚಾಲಕರ ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ.

ಕರ್ನಾಟಕದಿಂದ ನೇರ ಬರುವ ವಿದ್ಯಾರ್ಥಿಗಳಿಗೆ ಈ ವಿಷಯ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಡಲ್ಲಾಸ್, ಆರ್ಲಿಂಗ್ಟನ್, ಹ್ಯೂಸ್ಟನ್‌ಗಳಿಗೆ ಎಂಎಸ್ ಮಾಡಲು ಬಂದವರ ವಯಸ್ಸು ಸಾಮಾನ್ಯವಾಗಿ 22, 23. ಟೆಕ್ಸಾಸ್‌ನಲ್ಲಿ 18ರಿಂದ 24 ವರ್ಷದವರು ಮೊದಲ ಲೈಸೆನ್ಸಿಗೆ 6 ಗಂಟೆಯ ವಯಸ್ಕರ ಡ್ರೈವರ್ ಎಡ್ ಮುಗಿಸಬೇಕು. ಅದು ಆನ್‌ಲೈನ್‌ನಲ್ಲೇ ಆಗುತ್ತದೆ, ಕೋರ್ಸಿನ ಕೊನೆಯ ಪರೀಕ್ಷೆಯಲ್ಲಿ ಶೇಕಡಾ 70 ಬಂದರೆ ಕಚೇರಿಯ ಬರವಣಿಗೆ ಪರೀಕ್ಷೆಗೆ ಬದಲಾಗಿ ಅದೇ ಸಲ್ಲುತ್ತದೆ. ಇದರ ಮೇಲೆ ‘ಇಂಪ್ಯಾಕ್ಟ್ ಟೆಕ್ಸಾಸ್’ ಎಂಬ ಉಚಿತ ವಿಡಿಯೊ ಪಾಠ ಒಂದು ಗಂಟೆ. ಗಮನ ತಪ್ಪಿದ ಚಾಲನೆಯಿಂದ ಆದ ದುರಂತಗಳನ್ನು ಅದು ತೋರಿಸುತ್ತದೆ. ಅದರ ಪ್ರಮಾಣಪತ್ರಕ್ಕೆ 90 ದಿನಗಳ ಆಯುಸ್ಸು, ಅಷ್ಟರೊಳಗೆ ರಸ್ತೆ ಪರೀಕ್ಷೆ ಕೊಡಬೇಕು. ನ್ಯೂಯಾರ್ಕಿನಲ್ಲಿ 5 ಗಂಟೆಯ ತರಗತಿ, ಜೂಮ್‌ನಲ್ಲೂ ಸಾಧ್ಯ. ಫ್ಲಾರಿಡಾದಲ್ಲಿ 2025ರ ಆಗಸ್ಟ್‌ನಿಂದ 18 ತುಂಬದವರಿಗೆ ಹಳೆಯ 4 ಗಂಟೆಯ ಕೋರ್ಸಿನ ಬದಲು 6 ಗಂಟೆಯದು. ರಾಜ್ಯ ಬದಲಾದರೆ ನಿಯಮ ಬದಲು, ಗೆಳೆಯರ ಮಾತು ನಂಬುವ ಮೊದಲು ಆಯಾ ರಾಜ್ಯದ ಇಲಾಖೆಯ ತಾಣ ನೋಡುವುದೇ ಸರಿ.

ಟೆಕ್ಸಾಸ್ ಇನ್ನೊಂದು ದಾರಿಯನ್ನೂ ತೆರೆದಿದೆ. 1997ರಿಂದ ಅಲ್ಲಿ ತಂದೆತಾಯಿಯೇ ಮಗುವಿನ ಅಧಿಕೃತ ಬೋಧಕರಾಗಬಹುದು. ತರಗತಿಯ ಪಾಠ ಆನ್‌ಲೈನ್, ಕಾರಿನ ಪಾಠ ಅಪ್ಪ ಅಮ್ಮನದು. ಅನುಕೂಲ ದೊಡ್ಡದು, ಹಣ ಉಳಿಯುತ್ತದೆ. ಆದರೆ 2007ರಲ್ಲಿ ಪ್ರಕಟವಾದ ಒಂದು ಸರ್ಕಾರಿ ಮೌಲ್ಯಮಾಪನ, ಹೀಗೆ ಕಲಿತವರ ಚಾಲನಾ ದಾಖಲೆ ಶಾಲೆಯಲ್ಲಿ ಕಲಿತವರ ದಾಖಲೆಗಿಂತ ಹಿಂದಿದೆ ಎಂದು ಕಂಡುಕೊಂಡಿತು. ಕಲಿಸುವವರ ಪ್ರೀತಿಗೂ ಕಲಿಸುವ ವಿದ್ಯೆಗೂ ನಡುವೆ ಇರುವ ಅಂತರ ಅದು.

ಕನ್ನಡದ ಅಪ್ಪ ಅಮ್ಮಂದಿರಿಗೆ ಈ ಅಂತರ ಇನ್ನಷ್ಟು ಹಿರಿದು. ಅವರಲ್ಲಿ ಬಹುಪಾಲು ಜನ ಕಾರು ಕಲಿತದ್ದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ದಾವಣಗೆರೆಯಲ್ಲೋ. ರಸ್ತೆಯ ಎಡಕ್ಕೆ, ಗೇರು ಬದಲಿಸುತ್ತ, ಹಾರ್ನ್ ಹಾಕುತ್ತ, ಆರ್‌ಟಿಒ ಮೈದಾನದಲ್ಲಿ ಪರೀಕ್ಷೆ ಕೊಟ್ಟು. ಅಮೆರಿಕಕ್ಕೆ ಬಂದು ಬಲಕ್ಕೆ ಒಗ್ಗಿಕೊಂಡರು, ಪರೀಕ್ಷೆ ಪಾಸು ಮಾಡಿದರು. ಆದರೆ ಅಲ್ಲಿನ ಡ್ರೈವರ್ ಎಡ್ ಪಾಠವನ್ನು ಅವರು ಎಂದೂ ಓದಿಲ್ಲ, ದೊಡ್ಡವರಿಗೆ ಕ್ಯಾಲಿಫೋರ್ನಿಯಾದಲ್ಲಿ ಅದು ಕಡ್ಡಾಯವೂ ಅಲ್ಲ. ಮಗು ಕೋರ್ಸಿನಲ್ಲಿ ಒಂದು ಕಲಿಯುತ್ತದೆ, ಅಪ್ಪ ಪಕ್ಕದಲ್ಲಿ ಕೂತು ಇನ್ನೊಂದು ಹೇಳುತ್ತಾನೆ. ನಾಲ್ಕೂ ಕಡೆ ಸ್ಟಾಪ್ ಇರುವ ಕೂಡುರಸ್ತೆಯಲ್ಲಿ ಮೊದಲು ಬಂದವರು ಮೊದಲು, ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ಕೆಂಪು ದೀಪದಲ್ಲಿ ಬಲಕ್ಕೆ ತಿರುಗಬಹುದು, ಆದರೆ ಗೆರೆಯ ಹಿಂದೆ ಪೂರ್ತಿ ನಿಂತು, ಪಾದಚಾರಿಗೆ ದಾರಿ ಕೊಟ್ಟ ಮೇಲೆ. ಲೇನ್ ಬದಲಿಸುವ ಮೊದಲು ಕನ್ನಡಿ ಸಾಲದು, ಭುಜದ ಮೇಲಿಂದ ಹಿಂತಿರುಗಿ ನೋಡಬೇಕು. ಇಪ್ಪತ್ತು ವರ್ಷದಿಂದ ಓಡಿಸುತ್ತಿರುವ ತಾಯಿಗೆ ಕೊನೆಯದು ಮರೆತೇ ಹೋಗಿರಬಹುದು. ರಸ್ತೆ ಪರೀಕ್ಷೆಯ ಪರೀಕ್ಷಕರಿಗೆ ಮರೆತಿರುವುದಿಲ್ಲ. ಅಲ್ಲಿ 15ಕ್ಕಿಂತ ಹೆಚ್ಚು ತಪ್ಪಾದರೆ ಫೇಲು, ಒಂದೇ ಒಂದು ಗಂಭೀರ ತಪ್ಪಾದರೂ ಫೇಲು.

ಆದ್ದರಿಂದ ಆನ್‌ಲೈನ್ ಕೋರ್ಸನ್ನು ಮಗುವಿನ ಪಕ್ಕದಲ್ಲಿ ಕೂತು ತಂದೆತಾಯಿಯೂ ನೋಡುವುದು ಒಳ್ಳೆಯದು. ತರಗತಿಯ ಪಾಠಕ್ಕೆ ಈ ಅವಕಾಶವಿರಲಿಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೇಷ್ಟ್ರು ಏನು ಹೇಳಿದರೆಂದು ಮನೆಯವರಿಗೆ ತಿಳಿಯುತ್ತಿರಲಿಲ್ಲ. ಪರದೆಯಲ್ಲಿ ಎಲ್ಲವೂ ಕಣ್ಣ ಮುಂದೆಯೇ ಇದೆ. ಸ್ಟಾಪ್ ಫಲಕದ ಅಧ್ಯಾಯವನ್ನು ಸಂಜೆ ಒಟ್ಟಿಗೆ ನೋಡಿ, ಮರುದಿನ ಅದೇ ಮೂಲೆಗೆ ಕಾರಿನಲ್ಲಿ ಹೋಗಬಹುದು. ಪರ್ಮಿಟ್ ಬರುವ ಮೊದಲೇ, ಮಗು ಪಕ್ಕದ ಸೀಟಿನಲ್ಲಿ ಕೂತಿರುವಾಗಲೇ, ‘ಮುಂದೆ ಎಲ್ಲಿ ಅಪಾಯ ಕಾಣುತ್ತದೆ, ಹೇಳು’ ಎಂದು ಕೇಳುತ್ತ ಹೋಗಬಹುದು. ಅದಕ್ಕೆ ಲೈಸೆನ್ಸೂ ಬೇಡ, ದುಡ್ಡೂ ಬೇಡ.

ಕರ್ನಾಟಕದಲ್ಲಿರುವ ಓದುಗರಿಗೆ ಇದು ಬೇರೆ ದೇಶದ ಮಾತೆನಿಸಬಹುದು. ಆದರೆ ಇಲ್ಲಿಯೂ ಕಲಿಕಾ ಲೈಸೆನ್ಸಿನ ಅರ್ಜಿ, ಪರೀಕ್ಷೆ ಎರಡೂ ಸಾರಥಿ ಜಾಲತಾಣಕ್ಕೆ ಬಂದಿವೆ, ಆಧಾರ್ ಮೂಲಕ ಮನೆಯಿಂದಲೇ ಪರೀಕ್ಷೆ ಕೊಡಬಹುದು. 2021ರ ಜುಲೈ 1ರಿಂದ ಜಾರಿಯಾದ ನಿಯಮಗಳು ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಲಘು ವಾಹನದ ಪಾಠವನ್ನು 29 ಗಂಟೆ ಎಂದು ನಿಗದಿ ಮಾಡಿವೆ: 8 ಗಂಟೆ ತಿಳಿವಳಿಕೆಯ ಪಾಠ, 21 ಗಂಟೆ ಚಾಲನೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಆ 8 ಗಂಟೆಯ ತಿಳಿವಳಿಕೆಯನ್ನು, ನಮ್ಮದೇ ರಸ್ತೆಗಳ ಚಿತ್ರ ಹಾಕಿ, ಕನ್ನಡದಲ್ಲಿ, ಕಣ್ಣು ಪಳಗಿಸುವಂತೆ ಪರದೆಗೆ ತರುವ ಕೆಲಸ ಯಾರಾದರೂ ಮಾಡಲೇಬೇಕಾದದ್ದು. ನಿಂತ ಬಿಎಂಟಿಸಿ ಬಸ್ಸಿನ ಮುಂದಿನಿಂದ ದಾಟುವವರು, ತಪ್ಪು ದಿಕ್ಕಿನಲ್ಲಿ ಬರುವ ಸ್ಕೂಟರು, ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು: ಸನ್ನಿವೇಶಗಳಿಗೇನೂ ಬರವಿಲ್ಲ.

ಮತ್ತೆ ಅಮೆರಿಕಕ್ಕೆ ಬಂದರೆ, ಅಲ್ಲಿನ ಮಕ್ಕಳಿಗೆ ಅತಿ ಅಪಾಯದ ಕಾಲ ಯಾವುದೆಂದು ವರ್ಜೀನಿಯಾದಲ್ಲಿ ನಡೆದ ಒಂದು ಅಧ್ಯಯನ ತೋರಿಸಿದೆ. ಹದಿಹರೆಯದವರ ಕಾರುಗಳಲ್ಲಿ ಕ್ಯಾಮೆರಾ, ಸೆನ್ಸರ್ ಇಟ್ಟು ಪರ್ಮಿಟ್ ದಿನಗಳಿಂದಲೇ ಗಮನಿಸಿ 2018ರಲ್ಲಿ ಅದನ್ನು ಪ್ರಕಟಿಸಿದರು. ದೊಡ್ಡವರು ಪಕ್ಕದಲ್ಲಿದ್ದ ಕೊನೆಯ 3 ತಿಂಗಳಿಗೆ ಹೋಲಿಸಿದರೆ, ಲೈಸೆನ್ಸ್ ಬಂದ ಮೊದಲ 3 ತಿಂಗಳಲ್ಲಿ ಡಿಕ್ಕಿ ಅಥವಾ ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಯ ಸಾಧ್ಯತೆ 8 ಪಟ್ಟು. ಪಕ್ಕದ ಸೀಟು ಖಾಲಿಯಾದದ್ದೇ ವ್ಯತ್ಯಾಸ. ಹಿರಿಯರು ಪಕ್ಕದಲ್ಲಿದ್ದಾಗ ಅಪಾಯ ನೋಡುವ ಕೆಲಸವನ್ನು ಅವರೇ ಮಾಡಿಬಿಟ್ಟಿರುತ್ತಾರೆ. ‘ನಿಧಾನ, ಆ ಕಡೆ ನೋಡು’ ಎಂದು ಪ್ರತಿ ಬಾರಿ ಹೇಳಿಸಿಕೊಂಡ ಮಗು ತಾನಾಗಿ ನೋಡುವುದನ್ನು ಕಲಿತಿರುವುದಿಲ್ಲ. ಐವತ್ತು ಗಂಟೆಯ ಕೊನೆಯ ಹತ್ತು ಗಂಟೆಯಲ್ಲಾದರೂ ದೊಡ್ಡವರು ಬಾಯಿ ಮುಚ್ಚಿ, ತೀರಾ ಅಗತ್ಯವಿದ್ದಾಗ ಮಾತ್ರ ಮಾತಾಡಿ, ದಾರಿ ಹುಡುಕುವುದನ್ನೂ ನಿರ್ಧರಿಸುವುದನ್ನೂ ಮಗುವಿಗೇ ಬಿಡಬೇಕು.

ಕ್ಯಾಲಿಫೋರ್ನಿಯಾದ ಈ ಇಡೀ ಸರಪಳಿಯಲ್ಲಿ ಆನ್‌ಲೈನ್ ಪಾಠಕ್ಕೆ ಪ್ರಮಾಣಪತ್ರವಿದೆ, ಬರವಣಿಗೆ ಪರೀಕ್ಷೆಗೆ ಅಂಕವಿದೆ, ಬೋಧಕರ 6 ಗಂಟೆಗೆ ಶಾಲೆಯ ದಾಖಲೆಯಿದೆ. ಐವತ್ತು ಗಂಟೆಗೆ ಇರುವುದು ತಂದೆಯ ಅಥವಾ ತಾಯಿಯ ಒಂದು ಸಹಿ. ಹಾಗಾಗಿ ಪುಸ್ತಕವೊಂದರಲ್ಲಿ ದಿನಾಂಕ, ಸಮಯ, ರಸ್ತೆ, ಮಳೆಯೋ ಬಿಸಿಲೋ ಎಂದು ಬರೆದಿಡುವುದು ಮನೆಯವರಿಗೇ ಬಿಟ್ಟದ್ದು. ಹಾಗೆ ಬರೆದಿಟ್ಟವರಿಗೆ ಬೇಗ ತಿಳಿಯುವ ಸಂಗತಿಯೆಂದರೆ, ಹಿಂದೆ ಬೀಳುವುದು ಯಾವಾಗಲೂ ರಾತ್ರಿಯ 10 ಗಂಟೆ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಕತ್ತಲಾಗಲು ಒಂಬತ್ತಾಗುತ್ತದೆ, ಅಷ್ಟು ಹೊತ್ತಿಗೆ ಎಲ್ಲರಿಗೂ ದಣಿವು. ಗಡಿಯಾರ ಒಂದು ಗಂಟೆ ಹಿಂದೆ ಸರಿಯುವ ನವೆಂಬರಿನ ನಂತರ ಸಂಜೆ ಐದೂವರೆಗೇ ಕತ್ತಲು. ಹೋಂವರ್ಕಿಗೂ ಊಟಕ್ಕೂ ಮುಂಚೆ ಮುಕ್ಕಾಲು ಗಂಟೆ ಸಿಗುತ್ತದೆ, ದಿನಸಿ ಅಂಗಡಿಗೆ ಹೋಗಿ ಬರುವ ನೆಪವೂ ಇರುತ್ತದೆ, ಆಗಾಗ ಮಳೆಯೂ ಬೀಳುತ್ತದೆ. ಬೇಸಿಗೆಯಲ್ಲಿ ಕೋರ್ಸ್, ಶರತ್ಕಾಲಕ್ಕೆ ಪರ್ಮಿಟ್, ಚಳಿಗಾಲದಲ್ಲಿ ರಾತ್ರಿಯ ಗಂಟೆಗಳು ಎಂದು ಜೋಡಿಸಿಕೊಂಡ ಮನೆಗಳಲ್ಲಿ ಆ ಹತ್ತು ಗಂಟೆ ಫೆಬ್ರುವರಿಯೊಳಗೆ ನಿಜವಾಗಿಯೇ ತುಂಬಿರುತ್ತದೆ.